ಬದುಕಿ ಬಂದ ಮೇಲೆ

ರೋಗವು ನೀಗಿದೊಡನೆ ರೋಗಿಯು ಸ್ವಸ್ಥನಾದನೆಂದು ಲೋಕವು ಭಾವಿಸುತ್ತದೆ. ಆದರೆ ‘ಸ್ವಸ್ಥ’ ಎಂಬ ಪದದ ಅರ್ಥವು ಅಷ್ಟು ಕಿರಿದಾದುದಲ್ಲ. ತನ್ನಲ್ಲಿ ತಾನು ನೆಲೆಗೊಂಡವನೇ ಸ್ವಸ್ಥನು. ದೋಷ, ಅಗ್ನಿ, ಧಾತುಗಳು ಸಮವಾಗಿದ್ದರೆ ಸಾಲದು, ಆತ್ಮ, ಇಂದ್ರಿಯ, ಮನಸ್ಸುಗಳೂ ಪ್ರಸನ್ನವಾಗಿರಬೇಕೆಂದು ಸುಶ್ರುತಸಂಹಿತೆಯ ಅಭಿಪ್ರಾಯ. ಚರಕಸಂಹಿತೆಯಾದರೋ ಆಯುಸ್ಸನ್ನೇ ಹಿತ, ಅಹಿತ, ಸುಖ, ಅಸುಖವೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಎಷ್ಟು ಕಾಲ ಬದುಕಿದನೆಂಬುದು ಒಂದು ಪ್ರಶ್ನೆ. ಹೇಗೆ ಬದುಕಿದನೆಂಬುದು ಮತ್ತೊಂದು. ಇಂದಿನ ವೈದ್ಯರು ‘ಜೀವನದ ಗುಣಮಟ್ಟ’ ಎಂದು ಕರೆಯುವುದು ಈ ಎರಡನೆಯ ಪ್ರಶ್ನೆಯನ್ನೇ.

ತಾಲ್ಲೂಕು ಕೇಂದ್ರವಾದ ಒಂದು ಊರಿನಲ್ಲಿ, ಜವಳಿ ಅಂಗಡಿಯ ಗುಮಾಸ್ತರೊಬ್ಬರ ಮನೆಯಲ್ಲಿ, ಈ ಪ್ರಶ್ನೆಯು ಹನ್ನೊಂದು ವರ್ಷದ ಬಾಲಕನ ರೂಪದಿಂದ ಬಂದು ನಿಂತಿತು. ಬಿಡದ ಜ್ವರ, ಮೈಮೇಲೆ ನೀಲಿ ಕಲೆ, ಒಸಡಿನಲ್ಲಿ ರಕ್ತ ಕಾಣಿಸಿಕೊಂಡು, ಅವನನ್ನು ಬೆಂಗಳೂರಿಗೆ ಕರೆದೊಯ್ದಾಗ ತೀವ್ರ ಲಿಂಫೋಬ್ಲಾಸ್ಟಿಕ್ ಲುಕೀಮಿಯಾ ಎಂದು ತಿಳಿಯಿತು. ಎಂಟು ತಿಂಗಳು ಕೀಮೋಥೆರಪಿ ನಡೆಯಿತು. ರಕ್ತದಲ್ಲಿಯೂ ಮಜ್ಜೆಯಲ್ಲಿಯೂ ರೋಗದ ಕಣಗಳು ಕಾಣದಾದವು. ಮಗನು ಮನೆಗೆ ಬಂದ ದಿನ ಅಜ್ಜಿ ಹೊಸಿಲಿನಲ್ಲಿಯೇ ನಿಲ್ಲಿಸಿ ದೃಷ್ಟಿ ತೆಗೆದು, ಹೋಳಿಗೆ ಬಡಿಸಿದರು. ಅವನು ಒಂದು ತುತ್ತು ತಿಂದು, “ಕಬ್ಬಿಣ ನೆಕ್ಕಿದ ಹಾಗಿದೆ, ಅಜ್ಜಿ” ಎಂದು ಎಲೆಯ ಮುಂದಿನಿಂದ ಎದ್ದು ಮಲಗಿದನು. “ಗುಣವಾಯಿತಲ್ಲ ಮಗು, ಇನ್ನೇಕೆ ಮಲಗುತ್ತೀಯೆ?” ಎಂದು ಆ ವೃದ್ಧೆ ಕೇಳಿದುದರಲ್ಲಿ ಆಶ್ಚರ್ಯವಿಲ್ಲ.

ಏಕೆಂದರೆ, ಈ ರೋಗವೆಂದರೆ ಮರಣವೆಂದೇ ಅರ್ಥವಿದ್ದ ಕಾಲವು ತೀರ ದೂರವಾದುದಲ್ಲ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಅಮಿನೊಪ್ಟೆರಿನ್ ಎಂಬ ಔಷಧದಿಂದ 16 ಮಕ್ಕಳಲ್ಲಿ 10 ಮಕ್ಕಳಿಗೆ ಉಪಶಮನವಾಯಿತೆಂದು ಪ್ರಕಟಿಸಿದರು. ಆ ಉಪಶಮನವೂ ಕೆಲವು ತಿಂಗಳ ಮಾತು. ಔಷಧವನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥರು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅದೇ ವರ್ಷ ಕಾಲವಾದರು. ಅನಂತರ ಒಂದಕ್ಕೆ ಹಲವು ಔಷಧಗಳು ಕೂಡಿಕೊಂಡವು. ಅಂಗಳದಲ್ಲಿ ಯಾರೂ ನೀರೆರೆಯದಿದ್ದರೂ ಅರಳುವ ಕಾಶಿಕಣಗಿಲೆಯಿಂದಲೇ ವಿನ್‌ಕ್ರಿಸ್ಟೀನ್ ದೊರೆಯಿತು. ಇಂದು ಸಿರಿವಂತ ದೇಶಗಳಲ್ಲಿ ಈ ರೋಗವುಂಟಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಭಾರತದಲ್ಲಿ ಆ ಪ್ರಮಾಣವು ಇನ್ನೂ ಕಡಿಮೆ. ಸಕಾಲದಲ್ಲಿ ಆಸ್ಪತ್ರೆ ಸೇರುವುದು, ಚಿಕಿತ್ಸೆಯನ್ನು ನಡುವೆ ಬಿಡದಿರುವುದು, ಇವುಗಳ ಮೇಲೆ ಬಹುಮಟ್ಟಿಗೆ ನಿಂತಿದೆ.

ಆದರೆ ಪ್ರಾಣವನ್ನುಳಿಸಿದ ಔಷಧವು ತನ್ನ ಕರವನ್ನೂ ವಸೂಲು ಮಾಡುತ್ತದೆ. ಬೇಗ ಬೇಗ ವೃದ್ಧಿಯಾಗುವ ಕಣಗಳನ್ನು ಕೊಲ್ಲುವುದು ಅದರ ಧರ್ಮ. ಶತ್ರು ಯಾರು, ಸ್ವಜನರು ಯಾರೆಂಬ ವಿವೇಕವು ಅದಕ್ಕೆ ಸಾಲದು. ಕೂದಲಿನ ಬುಡ, ಬಾಯ ಒಳಪದರ, ಕರುಳು, ಮಜ್ಜೆ ಎಲ್ಲವೂ ಪೆಟ್ಟು ತಿನ್ನುತ್ತವೆ. ಕೂದಲು ಮತ್ತೆ ಬರುತ್ತದೆ, ಬಾಯ ಹುಣ್ಣು ಮಾಯುತ್ತದೆ. ವಿನ್‌ಕ್ರಿಸ್ಟೀನ್ ನರಗಳನ್ನು ಮುಟ್ಟುವುದರಿಂದ ಬೆರಳ ತುದಿಯ ಜೋಮು, ಪಾದದ ದುರ್ಬಲತೆ ಬಹುಕಾಲ ಉಳಿಯಬಹುದು. ಸ್ಟೆರಾಯ್ಡುಗಳು ಮುಖವನ್ನು ಊದಿಸಿ, ಮನಸ್ಸನ್ನು ಕೆರಳಿಸಿ, ಕೆಲವರ ಎಲುಬನ್ನೂ ಕೆಡಿಸುತ್ತವೆ. ಕೆಲವು ಔಷಧಗಳ ಪರಿಣಾಮವು ವರ್ಷಗಳು ಕಳೆದ ಮೇಲೆ ಹೃದಯದಲ್ಲಿ ತೋರಬಹುದಾದುದರಿಂದ ಆಗಾಗ ಪರೀಕ್ಷೆ ಅಗತ್ಯ. ಕೆಲವು ಮಕ್ಕಳಿಗೆ ಗಮನವೂ ಕೆಲಸದ ವೇಗವೂ ತಗ್ಗುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದುದು, ನಿದ್ರೆಯಿಂದಲೂ ತೀರದ ಆಯಾಸ. ಅದು ಪರರ ಕಣ್ಣಿಗೆ ಕಾಣುವುದಿಲ್ಲವಾದುದರಿಂದ ಸೋಮಾರಿತನವೆಂಬ ಹೆಸರನ್ನು ಸುಲಭವಾಗಿ ಪಡೆಯುತ್ತದೆ.

ಈ ಬಾಲಕನಿಗೂ ಹಾಗೆಯೇ ಆಯಿತು. ಇನ್ನು ಎರಡು ವರ್ಷದಷ್ಟು ಕಾಲ ಮಾತ್ರೆಗಳನ್ನು ನುಂಗಬೇಕಾಗಿದ್ದರೂ, ವೈದ್ಯರ ಅನುಮತಿಯಿಂದ ಅವನು ಶಾಲೆಗೆ ಹೊರಟನು. ರೋಗದ ಹೆಸರನ್ನು ಹೇಳಿದರೆ ಮಕ್ಕಳು ದೂರ ಸರಿದಾರೆಂದು ಹೆದರಿ, ತಂದೆಯು “ಬಹಳ ದಿನ ಜ್ವರ” ಎಂದಷ್ಟೇ ಬರೆದುಕೊಟ್ಟಿದ್ದರು. ಹಿಂದೆ ತರಗತಿಗೆ ಮೊದಲಿಗನಾಗಿದ್ದವನು ಈಗ ಉಕ್ತಲೇಖನದಲ್ಲಿ ಅರ್ಧಕ್ಕೆ ನಿಲ್ಲುತ್ತಿದ್ದನು. ಪೆನ್ಸಿಲು ಬೆರಳಿನಿಂದ ಜಾರುತ್ತಿತ್ತು. “ಹಿಂದಿನ ಚುರುಕು ಎಲ್ಲಿ ಹೋಯಿತು?” ಎಂದು ಉಪಾಧ್ಯಾಯರು ಎಲ್ಲರ ಮುಂದೆ ಗದರಿದರು. ಮನೆಯಲ್ಲಿ ತಂದೆಯೂ ಅದೇ ಮಾತನ್ನಾಡಿದರು. ಮರುದಿನದಿಂದ ಹುಡುಗನು ಶಾಲೆಯ ಹೊತ್ತಿಗೆ ಹೊಟ್ಟೆನೋವೆನ್ನತೊಡಗಿದನು.

ತಂದೆಗೆ ಅರಿವು ಮೂಡಿದುದು ಆಸ್ಪತ್ರೆಯಲ್ಲಿ. ಅಲ್ಲಿ ರಕ್ತಪರೀಕ್ಷೆಯ ಜೊತೆಗೆ ಹುಡುಗನ ಕೈಗೇ ಒಂದು ಪ್ರಶ್ನಾವಳಿಯನ್ನು ಕೊಟ್ಟರು. ರೋಗಿಯ ಶಕ್ತಿಯನ್ನು ಸೊನ್ನೆಯಿಂದ ನೂರರವರೆಗೆ ಅಳೆಯುವ ಕ್ರಮವನ್ನು 1948ರಲ್ಲಿ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಅವರ ಜೊತೆಯವರು ತಂದಿದ್ದರು. ಅಲ್ಲಿ ಅಂಕ ಹಾಕುವವನು ವೈದ್ಯ. ಅನುಭವಿಸುವವನನ್ನೇ ಕೇಳಬೇಕೆಂಬ ಬುದ್ಧಿಯು ಬಲವಾದುದು ಆಮೇಲೆ. ಓಡಬಲ್ಲೆಯಾ, ಹೆದರಿಕೆಯುಂಟೆ, ಗೆಳೆಯರು ಜೊತೆಗಿದ್ದಾರೆಯೆ ಎಂಬ ಪ್ರಶ್ನೆಗಳ ಮುಂದೆ ಮಗನು ಗುರುತು ಹಾಕುತ್ತಿದ್ದುದನ್ನು ತಂದೆಯು ನೋಡಿದರು. ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗನೇ ಹೇಳಿದನು: “ಅಪ್ಪ, ಮನೆಗೆ ಬಂದವರೆಲ್ಲ ರಕ್ತದ ಲೆಕ್ಕ ಕೇಳುತ್ತಾರೆ. ನನ್ನನ್ನು ಆಟಕ್ಕೆ ಸೇರಿಸಿಕೊಂಡರೇ ಎಂದು ಯಾರೂ ಕೇಳುವುದಿಲ್ಲ.”

ಮರುದಿನ ತಂದೆಯು ಶಾಲೆಗೆ ಹೋಗಿ ಇದ್ದುದನ್ನು ಇದ್ದಂತೆಯೇ ಹೇಳಿದರು. ಉಪಾಧ್ಯಾಯರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ತರಗತಿಯಲ್ಲಿ, ಈ ರೋಗವು ಅಂಟುವಂಥದಲ್ಲವೆಂದೂ, ಇತರರ ಸೀತಾಳೆ ಸಿಡುಬು, ದಡಾರಗಳೇ ಇವನಿಗೆ ಅಪಾಯವೆಂದೂ ತಿಳಿಸಿದರು. ಬರೆಯಲು ಹೆಚ್ಚು ಹೊತ್ತು ಕೊಟ್ಟರು. ಆಯಾಸವಾದಾಗ ಕೇಳದೆಯೇ ತಲೆಯೊರಗಿಸಬಹುದೆಂದರು. ವೈದ್ಯರು ಕಲಿಸಿದ ಬೆರಳಿನ ಅಭ್ಯಾಸವನ್ನು ಅಜ್ಜಿಯೇ, ತಟ್ಟೆಯಲ್ಲಿ ಕಡಲೆಕಾಳು ಹರಡಿ, ಒಂದೊಂದಾಗಿ ಆರಿಸಲು ಹೇಳಿ ಮಾಡಿಸತೊಡಗಿದರು. “ಇನ್ನೇಕೆ ಮಲಗುತ್ತೀಯೆ?” ಎಂಬ ಮಾತು ಆ ಮನೆಯಲ್ಲಿ ನಿಂತಿತು.

ಹುಡುಗನು ಮೊದಲಿನಂತೆ ಆಗಿಲ್ಲ; ಆಗಬೇಕೆಂಬ ಹಟವನ್ನು ಮನೆಯವರು ಬಿಟ್ಟಿದ್ದಾರೆ. ಸಂಜೆ ಬಯಲಿನಲ್ಲಿ ಹತ್ತು ನಿಮಿಷ ಓಡುತ್ತಾನೆ. ಕಾಲು ಸೋತಾಗ ಕಟ್ಟೆಯ ಮೇಲೆ ಕುಳಿತು ಉಳಿದವರ ಆಟದ ಲೆಕ್ಕ ಬರೆಯುತ್ತಾನೆ. ಮೊನ್ನೆ ಯುಗಾದಿಯ ಹೋಳಿಗೆಯನ್ನು ಬಾಯಿಗಿಟ್ಟು, ಸ್ವಲ್ಪ ತಡೆದು, “ಬೆಲ್ಲ ಗೊತ್ತಾಗುತ್ತದೆ” ಎಂದನು. ಅಜ್ಜಿ ಇನ್ನೊಂದನ್ನು ಬಡಿಸಿದರು.