ಸ್ಲೋ ಲೋಕಲ್‌ನ ಮುಂಬೈ

ಸಂಸಾರ ಕಟ್ಟಿಕೊಂಡು ಮುಂಬೈಗೆ ಹೋದರೆ ಕೈ ಸುಟ್ಟುಕೊಂಡ ಹಾಗೆಯೇ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ರೂಮಿನ ಬಾಡಿಗೆಯೊಂದನ್ನು ಬಿಟ್ಟರೆ ಈ ಮಾತಿನಲ್ಲಿ ಹುರುಳಿಲ್ಲ. ಅಷ್ಟೇ ಅಲ್ಲ, ಕಡಿಮೆ ದುಡ್ಡಿನಲ್ಲಿ ಕಾಣುವ ಮುಂಬೈಯೇ ಅಸಲಿ ಮುಂಬೈ ಎಂಬುದು ನನ್ನ ನಂಬಿಕೆ. ಈ ನಗರವನ್ನು ನಡೆಸುತ್ತ ಬಂದವರು ಗಿರಣಿ, ಬಂದರು, ಹೋಟೆಲು, ಆಫೀಸುಗಳಿಗೆ ಬೆಳಗಾದರೆ ಓಡಬೇಕಾದ, ಜೇಬಿನಲ್ಲಿ ಎಣಿಸಿದಷ್ಟೇ ಕಾಸಿದ್ದ ಜನ. ಅವರ ಓಡಾಟಕ್ಕೆ ಲೋಕಲ್ ರೈಲು ಬಂತು, ಹೊಟ್ಟೆಗೆ ಖಾನಾವಳಿಗಳು ಹುಟ್ಟಿಕೊಂಡವು, ಸಂಜೆಯ ಗಾಳಿಗೆ ಸಮುದ್ರದ ದಂಡೆ ಇತ್ತು. ಈ ಏರ್ಪಾಟಿನಲ್ಲಿ ನಮ್ಮವರ ಪಾಲು ದೊಡ್ಡದು. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಶುರುವಾದದ್ದು ಮನೆ ಬಿಟ್ಟು ಬಂದ ಇಂಥ ದುಡಿಯುವವರಿಗೆ ಊಟ ಹಾಕಲೆಂದೇ. ಕರಾವಳಿಯ ಮೊಗವೀರರು 1902ರಲ್ಲಿ ಕಟ್ಟಿಕೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯ ನೆಲೆ ಇಂದು ಉಪನಗರ ಅಂಧೇರಿಯಲ್ಲಿದೆ. ಹೀಗಿರುವಾಗ ನಾಲ್ಕು ಕಾಸು ಉಳಿಸಿಕೊಂಡು ಊರು ನೋಡಬೇಕೆನ್ನುವ ಸಂಸಾರ ಮುಂಬೈಗೆ ಹೊರಗಿನದಲ್ಲ. ಅಂಥವರಿಗಾಗಿಯೇ ಆದ ಊರು ಇದು.

ಅಂಥ ಸಂಸಾರ ಉಳಿದುಕೊಳ್ಳಲು ನಾನು ಹೇಳುವ ಜಾಗ ಅಂಧೇರಿ. ಅಂಧೇರಿಯೇ ಏಕೆ? ಗೇಟ್‌ವೇ ಆಫ್ ಇಂಡಿಯಾ, ಮೆರೀನ್ ಡ್ರೈವ್ ಎಲ್ಲ ದಕ್ಷಿಣದ ತುದಿಯಲ್ಲಿವೆ, ಅಂಧೇರಿ ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ದೂರ, ದಿನಾ ಹೋಗಿಬರುವುದರಲ್ಲೇ ಜೀವ ಹೈರಾಣಾಗುತ್ತದೆ ಎನ್ನುವವರಿದ್ದಾರೆ. ನಕಾಶೆ ನೋಡಿದರೆ ಅವರ ಮಾತು ಸರಿ, ರೈಲು ದಾರಿ ನೋಡಿದರೆ ತಪ್ಪು. ಅಂಧೇರಿಯಲ್ಲಿ ಪಶ್ಚಿಮ ರೈಲ್ವೆಯ ಫಾಸ್ಟ್, ಸ್ಲೋ ಗಾಡಿಗಳೆರಡೂ ನಿಲ್ಲುತ್ತವೆ, ಹಾರ್ಬರ್ ಲೈನೂ ಇದೆ. 2014ರಲ್ಲಿ ಶುರುವಾದ ವರ್ಸೋವಾ–ಘಾಟ್ಕೋಪರ್ ಮೆಟ್ರೊ ಇಲ್ಲಿಂದಲೇ ಹಾದುಹೋಗುತ್ತದೆ. ಹುಬ್ಬಳ್ಳಿ ಕಡೆಯಿಂದ ಚಾಲುಕ್ಯ ಎಕ್ಸ್‌ಪ್ರೆಸ್, ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ದಾದರಿನಲ್ಲಿ ಸೇತುವೆ ದಾಟಿದರೆ ಅಂಧೇರಿಯ ಲೋಕಲ್ ಸಿಗುತ್ತದೆ. ಅಂಧೇರಿಯಿಂದ ದಕ್ಷಿಣದ ಕೊನೆಯ ನಿಲ್ದಾಣ ಚರ್ಚ್‌ಗೇಟಿಗೆ ಸೆಕೆಂಡ್ ಕ್ಲಾಸಿನ ಟಿಕೆಟ್ಟಿಗೆ ಹತ್ತು ರೂಪಾಯಿ. ಸ್ಟೇಷನ್ನಿನಿಂದ ಆಚೆಗೂ ಉಪನಗರದ ಆಟೋ ಮೀಟರ್ ಹಾಕಿಯೇ ಓಡುತ್ತದೆ. ದಕ್ಷಿಣ ಮುಂಬೈಯಲ್ಲಿ ಆಟೋವೇ ಇಲ್ಲ.

ಇನ್ನು ಎಲ್ಲರೂ ಎತ್ತುವ ದೊಡ್ಡ ಆಕ್ಷೇಪ: ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಆ ನೂಕುನುಗ್ಗಲಿನಲ್ಲಿ ಲೋಕಲ್ ಹತ್ತುವುದು ಹೇಗೆ? ಈ ಭಯವನ್ನು ಹಗುರವಾಗಿ ಕಾಣಬಾರದು. ನೂಕುನುಗ್ಗಲಿನಲ್ಲಿ ಪ್ರಾಣ ಹೋಗುವುದುಂಟು. ಆದರೆ ಜನಸಂದಣಿಗೆ ಒಂದು ದಿಕ್ಕಿದೆ, ಒಂದು ಹೊತ್ತಿದೆ. ಬೆಳಿಗ್ಗೆ ಅದು ಚರ್ಚ್‌ಗೇಟಿನ ಕಡೆಗೆ ನುಗ್ಗುತ್ತದೆ, ಸಂಜೆ ಉತ್ತರದ ವಿರಾರಿನ ಕಡೆಗೆ. ಕೆಲಸಕ್ಕೆ ಹೋಗುವವರಿಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಊರು ನೋಡಲು ಬಂದವರಿಗೆ ಇದೆ. ಹನ್ನೊಂದರ ಮೇಲೆ ಹೊರಟು, ಅಂಧೇರಿಯಿಂದಲೇ ಹೊರಡುವ ಸ್ಲೋ ಗಾಡಿ ಹಿಡಿದರೆ ಕಿಟಕಿ ಪಕ್ಕವೇ ಸೀಟು ಸಿಗುತ್ತದೆ. ಸಂಜೆ ಮೆರೀನ್ ಡ್ರೈವಿನ ಕಟ್ಟೆಯ ಮೇಲೆ ಕತ್ತಲಾಗುವವರೆಗೂ ಕೂತಿದ್ದು, ಚರ್ಚ್‌ಗೇಟಿನಲ್ಲಿ ವಿರಾರ್ ಫಾಸ್ಟ್ ಬಿಟ್ಟು ಅಂಧೇರಿ ಸ್ಲೋ ಹತ್ತಬೇಕು. ವಿರಾರ್ ಫಾಸ್ಟಿನಲ್ಲಿ ಹತ್ತುವುದಕ್ಕಿಂತ ಅಂಧೇರಿಯಲ್ಲಿ ಇಳಿಯುವುದೇ ಕಷ್ಟ ಎಂದು ಮುಂಬೈಯ ಯಾರನ್ನು ಕೇಳಿದರೂ ಹೇಳುತ್ತಾರೆ. ಭಾನುವಾರ ಜನ ಕಡಿಮೆ ನಿಜ, ಆದರೆ ಹಳಿಯ ದುರಸ್ತಿಗೆ ಗಾಡಿ ನಿಲ್ಲಿಸುವ ಬ್ಲಾಕ್ ಎಲ್ಲಿದೆಯೆಂದು ಮೊದಲೇ ತಿಳಿದುಕೊಳ್ಳಬೇಕು. ಕಡಿಮೆ ಖರ್ಚಿನ ಪ್ರವಾಸ ಒಂದು ಕಲೆ ಎನ್ನುವುದಾದರೆ ಅದರ ಮರ್ಮ ಹೊತ್ತು ನೋಡಿ ಹೆಜ್ಜೆ ಇಡುವುದರಲ್ಲಿದೆ. ಟ್ಯಾಕ್ಸಿಗೆ ಸುರಿದ ದುಡ್ಡು ಆ ಹೊತ್ತನ್ನು ಕೊಂಡುಕೊಡುವುದಿಲ್ಲ. ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಕಾರು ಎಲ್ಲರಿಗೂ ಒಂದೇ.

ನನಗೆ ಬಹಳ ಪ್ರಿಯವಾದ ದಾರಿಯೊಂದಿದೆ. ಅಂಧೇರಿಯಿಂದ ಹಾರ್ಬರ್ ಲೈನಿನ ಗಾಡಿ ಹಿಡಿದರೆ ಮಾಹಿಮ್ ಆದ ಮೇಲೆ ಕಿಂಗ್ಸ್ ಸರ್ಕಲ್ ಬರುತ್ತದೆ. ಇಳಿದು ಸ್ವಲ್ಪ ನಡೆದರೆ ಮಾಟುಂಗಾ: ಹೂವಿನ ಅಂಗಡಿಗಳು, ಫಿಲ್ಟರ್ ಕಾಫಿ, ಬೇಕಿದ್ದರೆ ರಾಮ ನಾಯಕರಲ್ಲಿ ಬಾಳೆಲೆ ಊಟ. ಪುನಃ ಅದೇ ಲೈನಿನಲ್ಲಿ ಕೂತರೆ ಕೊನೆಯ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಕಟ್ಟಿದ, 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ನಿಲ್ದಾಣದೊಳಗೆ ಲೋಕಲ್ ಟಿಕೆಟ್ಟೇ ಪ್ರವೇಶ ಪತ್ರ. ಅಲ್ಲಿಂದ ಫೋರ್ಟ್ ದಾಟಿ ಓವಲ್ ಮೈದಾನದ ನಡುವೆ ನಿಂತರೆ ಒಂದು ಕಡೆ ರಾಜಾಬಾಯಿ ಗೋಪುರ, ಹೈಕೋರ್ಟುಗಳ ಗೋಥಿಕ್ ಸಾಲು, ಎದುರಿಗೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. 2018ರಲ್ಲಿ ಇವೆರಡನ್ನೂ ಒಟ್ಟಿಗೇ ವಿಶ್ವ ಪರಂಪರೆ ಎಂದು ಸಾರಿದರು. ನಡುವಿನ ಹುಲ್ಲಿನ ಮೇಲೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ನೋಡಲು ಯಾರೂ ದುಡ್ಡು ಕೇಳುವುದಿಲ್ಲ.

ಇದೆಲ್ಲ ದೊಡ್ಡವರಿಗೆ ಸರಿ, ಮಕ್ಕಳಿಗೆ ಕಟ್ಟಡ ಕಟ್ಟಿಕೊಂಡು ಏನಾಗಬೇಕು, ಅವರಿಗೆ ವಾಟರ್ ಪಾರ್ಕು, ಮಾಲು ಬೇಡವೇ ಎಂದರೆ, ಮಕ್ಕಳಿಗೆ ಬೇಕಾದದ್ದು ಹತ್ತುವುದು, ಓಡುವುದು, ಬೆರಗಾಗುವುದು ಎಂದೇ ನನ್ನ ಉತ್ತರ. ಅಂಧೇರಿ ಪಶ್ಚಿಮದ ಕಟ್ಟಡಗಳ ನಡುವೆ ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಬಂಡೆ ಸುಮಾರು ಇನ್ನೂರು ಅಡಿ ನೆಟ್ಟಗೆ ನಿಂತಿದೆ. ದಖ್ಖನ್ ಭೂಮಿ ಲಾವಾ ಕಾರಿದ ಕಾಲದ, ಆರೂವರೆ ಕೋಟಿ ವರ್ಷಕ್ಕೂ ಹಳೆಯ ಬಸಾಲ್ಟ್ ಕಂಬಗಳ ರಾಶಿ ಅದು. ಮೇಲೆ ಗಾಂವ್‌ದೇವಿಯ ಗುಡಿ, ಹತ್ತಲು ಮೆಟ್ಟಿಲು. ಡೈನೋಸಾರುಗಳು ಅಳಿದ ಕಾಲದ ಕಲ್ಲಿದು ಎಂದು ಒಂದು ಮಾತು ಹೇಳಿದರೆ ಸಾಕು, ಯಾವ ಮಗುವೂ ಆ ಮೆಟ್ಟಿಲಿಗೆ ಬೇಸರಪಡುವುದಿಲ್ಲ. ಪೂರ್ವಕ್ಕೆ ಮಹಾಕಾಳಿ ಗುಹೆಗಳಿವೆ. ಇನ್ನೂ ದೊಡ್ಡದು ಬೇಕೆಂದರೆ ಅಂಧೇರಿ ಪೂರ್ವದ ಗುಂದವಲಿಯಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ಸೋಮವಾರವೊಂದನ್ನು ಬಿಟ್ಟು, ಕಾಡಿನೊಳಗಿನ ಕನ್ಹೇರಿಗೆ ಹೋಗಬಹುದು. ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಮಳೆನೀರು ಹಿಡಿಯುವ ತೊಟ್ಟಿಗಳು, ಕಾಲುವೆಗಳು. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಶಿಲಾಹಾರ ಸಾಮಂತರ ಒಡೆಯನಾಗಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಮಾನ್ಯಖೇಟದ ದೊರೆಯನ್ನು, ಕವಿರಾಜಮಾರ್ಗದ ನೃಪತುಂಗನನ್ನು ಶಾಲೆಯ ಪುಸ್ತಕದಲ್ಲಿ ಓದಿದ ಕನ್ನಡದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಮಾಲಿನಲ್ಲಿ ಸಿಕ್ಕೀತು?

ದುಡ್ಡೇ ಬಿಚ್ಚಬಾರದೆಂದು ನಾನು ಹೇಳುತ್ತಿಲ್ಲ. ಎರಡು ಕಡೆ ಧಾರಾಳವಾಗಿಯೇ ಬಿಚ್ಚಬೇಕು. ಒಂದು ರೂಮು: ಸ್ಟೇಷನ್ನಿಗೋ ಮೆಟ್ರೊಗೋ ನಡೆದು ಹೋಗುವಷ್ಟು ಹತ್ತಿರ, ಶುಚಿಯಾಗಿ ಇರಬೇಕು. ದೂರದ ಅಗ್ಗದ ರೂಮು ಉಳಿಸಿದ ದುಡ್ಡನ್ನು ಆಟೋ ತಿನ್ನುತ್ತದೆ, ಮನೆಯವರ ತಾಳ್ಮೆಯನ್ನೂ ತಿನ್ನುತ್ತದೆ. ಇನ್ನೊಂದು, ಮಳೆಗಾಲ ಕಳೆದಿದ್ದರೆ, ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೋಗುವ ದೋಣಿ. ಇಡೀ ಪ್ರವಾಸದ ಲೋಕಲ್ ಟಿಕೆಟ್ಟುಗಳಿಗಿಂತ ಅದೊಂದೇ ಹೆಚ್ಚಾಗಬಹುದು. ಆದರೂ ಬಯಲುಸೀಮೆಯ ಮಕ್ಕಳಿಗೆ ಸುಮಾರು ಒಂದು ಗಂಟೆ ಸಮುದ್ರದ ಮೇಲೆ ತೇಲುವುದು, ಬಂದರಿನ ಹಡಗುಗಳನ್ನು ಪಕ್ಕದಿಂದಲೇ ಕಾಣುವುದು, ಕೊನೆಗೆ ಅಲ್ಲಿನ ಗುಹೆಯ ಮೂರು ಮುಖದ ಶಿವನ ಎದುರು ನಿಲ್ಲುವುದು ಆ ದುಡ್ಡಿಗೆ ತಕ್ಕುದೇ.