ಹುಲ್ಲಿನ ಗಾಡಿಯ ಅಡಿಯಲ್ಲಿ

ವಿರಾಜಪೇಟೆ ಕಡೆಯ ತೋಟದ ಬಂಗಲೆ. ಕಾಫಿ ಗಿಡಗಳ ನಡುವಿನ ಕಳೆಗೆ ಹೆಗಲಿಗೆ ನೇತುಹಾಕಿಕೊಳ್ಳುವ ಮೆಷಿನ್ ಸಾಕು. ಬಂಗಲೆ ಮುಂದಿನ ಲಾನಿಗೆ ಮಾತ್ರ ಸೀಟಿರುವ ಗಾಡಿ: ಅಡಿಗೆ ಬ್ಲೇಡು, ಹಿಂದೆ ಹುಲ್ಲಿನ ಚೀಲ. ಆಪರೇಟರ್ ಅದರ ಮೇಲೆ ಕೂತದ್ದಕ್ಕಿಂತ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತದ್ದೇ ಹೆಚ್ಚು. ಯಾಕೆ?

*

ಲಾನು ಎಡಕ್ಕೆ ಬೋಳು, ಬಲಕ್ಕೆ ಉದ್ದ. ಆಪರೇಟರ್ ಬ್ಲೇಡ್ ಬಿಟ್ಟು ಮೊದಲು ಟಯರ್ ನೋಡಿದರು. "ಗಾಳಿ ಕಮ್ಮಿಯಾದ ಕಡೆ ಗಾಡಿ ಕೂರ್ತದೆ ಸಾರ್, ಬ್ಲೇಡೂ ಜೊತೆಗೇ ಇಳೀತದೆ." ಆಮೇಲೆ ಸಿಮೆಂಟು ನೆಲ, ಸ್ಪಾರ್ಕ್ ಪ್ಲಗ್ಗಿನ ವಯರ್ ಕಳಚಿದ್ದು, ಸ್ಕೇಲು. ನೆಲದಿಂದ ಬ್ಲೇಡಿನ ಎತ್ತರ ಎಡಬಲ ಸಮ ಇರಬೇಕು. ಹಿಂದುಮುಂದು ಸಮ ಇರಬಾರದು! ಮುಂದಿನ ತುದಿ ಸುಮಾರು ಕಾಲಿಂಚು ತಗ್ಗು. ಇಲ್ಲದಿದ್ದರೆ ಒಮ್ಮೆ ಕತ್ತರಿಸಿದ್ದನ್ನೇ ಬ್ಲೇಡಿನ ಹಿಂದಿನ ಸುತ್ತು ಮತ್ತೆ ಕೆರೆಯುತ್ತದೆ, ಎಂಜಿನ್ ಸುಮ್ಮನೆ ದಣಿಯುತ್ತದೆ.

*

ಬ್ಲೇಡಿನ ಹಿಂಬದಿ ಅಂಚು ಮೇಲಕ್ಕೆ ಬಾಗಿದೆ. ಬಡಿದು ಸೊಟ್ಟಗಾದದ್ದಲ್ಲ. ತಿರುಗುವಾಗ ಅದು ಗಾಳಿ ಎಬ್ಬಿಸುತ್ತದೆ. ಗಾಳಿ ಹುಲ್ಲನ್ನು ನೆಟ್ಟಗೆ ನಿಲ್ಲಿಸುತ್ತದೆ, ತುಂಡನ್ನು ಕೊಳವೆಯಲ್ಲಿ ಹಾಯಿಸಿ ಚೀಲಕ್ಕೆ ಎಸೆಯುತ್ತದೆ. ಚೀಲದ ಬಟ್ಟೆಗೆ ಕಣ್ಣುಗಳಿರುವುದು ಆ ಗಾಳಿ ಹೊರಹೋಗಲಿ ಎಂದು. ಕಣ್ಣು ಕಟ್ಟಿದರೆ ಚೀಲ ಅರ್ಧ ಖಾಲಿಯಿದ್ದರೂ ಹುಲ್ಲು ಕೊಳವೆಯಲ್ಲೇ ಠಿಕಾಣಿ. ಕತ್ತರಿಸುವುದು ಕಬ್ಬಿಣ, ತುಂಬಿಸುವುದು ಗಾಳಿ.

*

ಇಂಗ್ಲೆಂಡಿನಲ್ಲಿ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಮೊದಲ ಹುಲ್ಲಿನ ಯಂತ್ರಕ್ಕೆ ಪ್ರೇರಣೆ, ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸುವ ಗಿರಣಿ ಯಂತ್ರ. ಬಟ್ಟೆ ಗಿರಣಿಯೊಳಗೆ ಮಳೆ ಬರುವುದಿಲ್ಲ ಎಂಬುದನ್ನು ಬರೆದಿಟ್ಟುಕೊಂಡೆ.

*

ಸಾಣೆ ಹಿಡಿದ ಬ್ಲೇಡನ್ನು ನಡುತೂತಿನಿಂದ ಗೋಡೆಯ ಮೊಳೆಗೆ ಸಿಕ್ಕಿಸಿದರು. ಒಂದು ತುದಿ ಇಳಿಯಿತು. ಇಳಿದ ತುದಿಗೆ ಮತ್ತೆ ಸಾಣೆ. ತಕ್ಕಡಿಯ ನ್ಯಾಯ. ತೂಕ ಹೆಚ್ಚುಕಮ್ಮಿಯಾದರೆ ಗಾಡಿಯೆಲ್ಲ ನಡುಗಿ ಬೇರಿಂಗ್ ಹೋಗುತ್ತದಂತೆ.

*

ಚೀಲ ತುಂಬಿದರೆ ಬಜರ್ ಹೊಡೆಯಬೇಕು. ಇಂದು ತುಂಬುವ ಮೊದಲೇ ಹೊಡೆಯಿತು. ಚೀಲದ ಬಾಯಿಯಲ್ಲಿರುವ ಸಣ್ಣ ತಗಡನ್ನು ಹುಲ್ಲು ಒತ್ತಿದರೆ ಸದ್ದು. ಒದ್ದೆ ಹುಲ್ಲು ಅದಕ್ಕೇ ಅಂಟಿ ಕೂತಿತ್ತು. ತೆಗೆಯಲು ಆಪರೇಟರ್ ಬ್ಲೇಡ್ ನಿಲ್ಲಿಸದೆ ಎದ್ದರು. ಎಂಜಿನ್ನೇ ನಿಂತಿತು. ಸೀಟಿನಡಿ ಸ್ವಿಚ್ಚಿದೆ: ಮೇಲೆ ಮನುಷ್ಯನಿಲ್ಲದೆ ಬ್ಲೇಡ್ ತಿರುಗಬಾರದು.

*

ಬ್ಲೇಡಿನ ಮೇಲ್ಹೊದಿಕೆಯ ಒಳಗೆ ಹಸಿರು ಹಿಟ್ಟಿನ ದಪ್ಪ ಪದರ. ಮರದ ಚಕ್ಕೆಯಿಂದ ಕೆರೆದರು. ಈ ಪದರ ಗಾಳಿಯ ದಾರಿ ಕಿರಿದು ಮಾಡುತ್ತದೆ; ಕೊಳವೆ ಕಟ್ಟುವುದು ಅಲ್ಲಿಂದಲೇ ಶುರು.

*

ಒಗಟು ಇಲ್ಲಿದೆ. ಹುಲ್ಲು ಜೋರಾಗಿ ಬೆಳೆಯುವುದು ಮಳೆಗಾಲದಲ್ಲಿ. ಗಾಡಿ ಕೈಕೊಡುವುದೂ ಆಗಲೇ. ಬಿಸಿಲು ಬೀಳುವವರೆಗೆ ಕಾದರೆ ಹುಲ್ಲು ಮೊಣಕಾಲಿಗೆ ಬರುತ್ತದೆ, ಕಾಯದಿದ್ದರೆ ಚಕ್ರ ಹೂಳುತ್ತದೆ.

ಆಪರೇಟರ್ ಲೆಕ್ಕ: ಒಮ್ಮೆಗೆ ಮೂರರಲ್ಲೊಂದು ಪಾಲು ಮಾತ್ರ. ಹನ್ನೆರಡು ಸೆಂಟಿಮೀಟರ್ ಇದ್ದರೆ ಎಂಟಕ್ಕೆ ನಿಲ್ಲಿಸಿ, ಕೆಲವು ದಿನ ಬಿಟ್ಟು ಇನ್ನೊಂದು ಸುತ್ತು. ಎತ್ತರದ ಲಿವರ್ ಮೇಲಕ್ಕೆ, ಗಾಡಿ ನಿಧಾನಕ್ಕೆ, ಎಂಜಿನ್ ಪೂರ್ತಿ ವೇಗಕ್ಕೆ. "ಎಂಜಿನ್ ಇಳಿಸಿದ್ರೆ ಗಾಳಿ ಇಲ್ಲ ಸಾರ್, ಗಾಳಿ ಇಲ್ಲದಿದ್ರೆ ಚೀಲ ಯಾಕೆ?"