ಎರೆಭೂಮಿಯ ವಿಹಾರ

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಗಳನ್ನು ಹಾಯ್ದು ರಾಮದುರ್ಗದವರೆಗೆ ಕಾಲ್ನಡೆಯಲ್ಲಿ ವಿಹರಿಸುವ ದಿಗಂಬರ ಮುನಿಗೆ ನೆಲವು ಬಗೆಬಗೆಯಾಗಿ ತೋರುತ್ತದೆ: ಕಿತ್ತೂರಿನತ್ತ ಕೆಮ್ಮಣ್ಣು, ಬೈಲಹೊಂಗಲದಲ್ಲಿ ಎರೆ, ಮುಂದೆ ಮಲಪ್ರಭೆಯ ಆಸುಪಾಸಿನ ಕಲ್ಲುಗುಡ್ಡ. ಮಾಗಿಯಲ್ಲಿ ಬಿಳಿಜೋಳದ ಹೊಲಗಳ ನಡುವಣ ದಾರಿ ಹಿತಕರ. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಚೇಳು, ಓತಿಗಳು ನೆರಳು ಹುಡುಕುತ್ತವೆ. ಮೃಗಶಿರಾ ಮಳೆ ಬಿದ್ದೊಡನೆ ಅದೇ ನೆಲದಿಂದ ಮಖಮಲ್ಲಿನಂತಹ ಕೆಂಪು ಹುಳುಗಳು ಏಳುತ್ತವೆ, ಎಲ್ಲೆಡೆ ಹಸುರು ಮೊಳೆಯುತ್ತದೆ. ನಾಲ್ಕು ಮೊಳ ಮುಂದೆ ನೋಡಿ ನಡೆಯುವ ಈರ್ಯಾಸಮಿತಿಗೂ ಆಗ ಹೆಜ್ಜೆಯಿಡಲು ಎಡೆ ದೊರೆಯದು. ಚಾತುರ್ಮಾಸವನ್ನು ಬರಿಯ ವಿಶ್ರಾಂತಿಯೆಂದು ಬಗೆಯುವವರು ಆಷಾಢದಲ್ಲೊಮ್ಮೆ ಹೊಲದ ಬದುವಿನ ಮೇಲೆ ನಡೆದು ನೋಡಬೇಕು.

ಸವದತ್ತಿಯೇ ಅಂದಿನ ಸುಗಂಧವರ್ತಿ, ರಟ್ಟರ ರಾಜಧಾನಿ. ಕ್ರಿ.ಶ. 980ರಲ್ಲಿ ಶಾಂತಿವರ್ಮನು ಅಲ್ಲಿ ತಾನು ಕಟ್ಟಿಸಿದ ಬಸದಿಗೆ ಭೂಮಿಯನ್ನು ದತ್ತಿಬಿಟ್ಟನು. ಅಂದಿನ ಮುನಿಗಳು ತುಳಿದುದು ಮಣ್ಣನ್ನು. ಇಂದಿನವರು ತುಳಿಯುವುದು ಡಾಂಬರನ್ನು. ವೈಶಾಖದಲ್ಲಿ ಅದು ಅಂಗಾಲನ್ನು ಸುಡುತ್ತದೆ. ಬೆಳಕು ಹರಿದ ಮೇಲೆಯೇ ನಡೆಯಬೇಕೆಂಬುದು ನಿಯಮವಾದುದರಿಂದ, ಬಿಸಿಲೇರುವ ಮುನ್ನ ದೊರೆಯುವ ಹೊತ್ತು ಅಲ್ಪ; ಆ ಹೊತ್ತಿನಲ್ಲಿಯೂ ಲಾರಿಗಳ ಭಯ. ಶ್ರಾವಕರೋ ಮೋಟಾರಿನಲ್ಲಿ ಕುಳಿತು ಹಿಂದೆ ಬರುತ್ತಾರೆ! ಸ್ವಾಗತದ ಕಮಾನಿಗೆ ವೆಚ್ಚಮಾಡುವ ಟ್ರಸ್ಟುಗಳು ಹಳೆಯ ಬಂಡಿದಾರಿಗಳನ್ನು ಗುರುತಿಸಿ, ಅವನ್ನು ಬಲ್ಲ ನಾಲ್ವರನ್ನು ಮುಂದೆ ನಡೆಸಿದರೆ, ಒಂದೆರಡು ಹರಿದಾರಿಯಾದರೂ ಡಾಂಬರು ತಪ್ಪೀತು.